ಒಡ್ಡಿಯೊಳಗೇ ಕೋಳಿಯ ತಲೆ ಮಾಯ: ಯಾವ ಪ್ರಾಣಿ, ಎಲ್ಲಿಂದ ಬಂತು, ಏನು ಮಾಡಬೇಕು?

ಹಿತ್ತಲ ಬಾಗಿಲು (ಪ್ರಶ್ನೆ)

ಊರು ಸಾಗರ ತಾಲ್ಲೂಕು. ಅಡಿಕೆ ತೋಟದ ಅಂಚಿಗೆ, ಮನೆಯಿಂದ 40 ಅಡಿ ದೂರದಲ್ಲಿ ಒಡ್ಡಿ (ಕೋಳಿಗೂಡು) ಇದೆ. 6 ಅಡಿ ಉದ್ದ, 4 ಅಡಿ ಅಗಲ. ಎತ್ತರ ಮುಂದೆ 4 ಅಡಿ, ಹಿಂದೆ 3 ಅಡಿ. ನಾಲ್ಕು ಮುರಕಲ್ಲಿನ ಕಂಬದ ಮೇಲೆ ನೆಲದಿಂದ 2 ಅಡಿ ಮೇಲಕ್ಕೆ ಕೂರಿಸಿದೆ. ಚೌಕಟ್ಟೂ ನೆಲವೂ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ. ಹಿಕ್ಕೆ ಕೆಳಗೆ ಬೀಳಲಿ ಅಂತ ನೆಲದ ದಬ್ಬೆಗಳ ನಡುವೆ 1 ಅಂಗುಲ ಸಂದು ಬಿಟ್ಟಿದೆ. ಸುತ್ತಲೂ ಒಂದೂವರೆ ಅಂಗುಲದ ಆರು ಮೂಲೆ ಕಣ್ಣಿನ ಕೋಳಿ ಜಾಲರಿ, ಸ್ಟೇಪ್ಲರ್ ಪಿನ್ನು ಹೊಡೆದು ಕೂರಿಸಿದ್ದು. ಮೇಲೆ ಬಣ್ಣದ ಶೀಟು. ಒಳಗೆ 14 ಕೋಳಿ: 8 ಗಿರಿರಾಜ, 6 ನಾಟಿ. ಹಗಲು ತೋಟದಲ್ಲಿ ಬಿಡುವುದು, ಕತ್ತಲಾದ ಮೇಲೆ ಮುಚ್ಚುವುದು.

ಎರಡು ವಾರದಲ್ಲಿ ಆಗಿರುವ ನಷ್ಟ ಹೀಗಿದೆ. ಎರಡು ಬೇರೆ ಬೇರೆ ರಾತ್ರಿ ಒಂದೊಂದು ಗಿರಿರಾಜ ಸತ್ತಿದೆ. ಮೈ ಒಳಗೇ ಜಾಲರಿಗೆ ಒತ್ತಿಕೊಂಡು ಬಿದ್ದಿತ್ತು, ತಲೆ ಇಲ್ಲ, ಜಾಲರಿ ಎಲ್ಲೂ ಹರಿದಿಲ್ಲ. ಇನ್ನೊಂದು ಕೋಳಿಯ ಕಾಲ್ಬೆರಳುಗಳನ್ನು ಯಾವುದೋ ಕಡಿದು ತಿಂದಿದೆ, ಅದು ಬದುಕಿದೆ. ಕಾವಿಗೆ ಕೂತ ನಾಟಿ ಕೋಳಿಯ ಕೆಳಗಿದ್ದ 9 ಮೊಟ್ಟೆಯಲ್ಲಿ 5 ಮಾಯ, ಚಿಪ್ಪಿನ ಒಂದು ಚೂರೂ ಇಲ್ಲ. ಇನ್ನೊಂದು ತಾಯಿಯ ಜೊತೆ ತಿರುಗುವ ಮೂರು ವಾರದ ಮರಿಗಳು ಮಧ್ಯಾಹ್ನದ ಹೊತ್ತು ಒಂದೊಂದಾಗಿ ಕಡಿಮೆಯಾಗುತ್ತಿವೆ.

ಇದೆಲ್ಲ ಒಂದೇ ಪ್ರಾಣಿಯ ಕೆಲಸವೇ? ಒಡ್ಡಿಯನ್ನು ಪೂರ್ತಿ ಕಿತ್ತು ಕಟ್ಟಬೇಕೋ, ಇದ್ದದ್ದನ್ನೇ ಸರಿ ಮಾಡಬಹುದೋ? ಸಾಮಾನು ಎಷ್ಟು ಬೇಕು ಅಂತ ಲೆಕ್ಕ ಸಮೇತ ಹೇಳಿದರೆ ಉಪಕಾರ. ನಾಯಿ ಕಟ್ಟಿದರೆ ಸಾಕು ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ, ಅದು ನಿಜವೇ?

---

ಮುರಕಲ್ಲು

ಒಂದೇ ಪ್ರಾಣಿ ಅಲ್ಲ. ನೀವು ಬರೆದ ನಾಲ್ಕು ಗುರುತು ನಾಲ್ಕು ಬೇರೆ ದಾರಿ ತೋರಿಸುತ್ತವೆ. ಯಾವ ಪ್ರಾಣಿ ಅನ್ನುವುದಕ್ಕಿಂತ ಯಾವ ಸಂದಿನಿಂದ ಬಂತು ಅನ್ನುವುದನ್ನು ಮೊದಲು ಹಿಡಿಯಿರಿ. ಒಂದನ್ನು ಓಡಿಸಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಸಂದು ಮುಚ್ಚಿದರೆ ಎಲ್ಲಕ್ಕೂ ಮುಚ್ಚಿದ ಹಾಗೆ.

ತಲೆ ಮಾತ್ರ ಹೋಗಿ ಮೈ ಜಾಲರಿಗೆ ಒತ್ತಿಕೊಂಡು ಒಳಗೇ ಉಳಿದಿದೆ ಅಂದರೆ ಪ್ರಾಣಿ ಒಳಗೆ ಬಂದೇ ಇಲ್ಲ. ಕೋಳಿ ಜಾಲರಿಗೆ ತಾಗಿಕೊಂಡು ಮಲಗಿತ್ತು. ಹೊರಗೆ ಸುಳಿದಾಟ ಕೇಳಿ ಗಾಬರಿಯಲ್ಲಿ ಕತ್ತು ಒಂದೂವರೆ ಅಂಗುಲದ ಕಣ್ಣಿನಿಂದ ಆಚೆ ಚಾಚಿತು, ಅಥವಾ ಪಂಜ ಒಳಗೆ ಬಂದು ಕತ್ತನ್ನು ಎಳೆಯಿತು. ಮಲೆನಾಡಿನಲ್ಲಿ ಇದು ಹೆಚ್ಚಾಗಿ ಕಬ್ಬೆಕ್ಕು (ಮರ ಹತ್ತುವ, ಪುನುಗಿನ ಬಳಗದ ಪ್ರಾಣಿ) ಅಥವಾ ಕಾಡುಬೆಕ್ಕಿನ ಕೆಲಸ. ಗಿರಿರಾಜವೇ ಸಿಕ್ಕಿದ್ದಕ್ಕೂ ಕಾರಣ ಇದೆ. ಅದು ತೂಕದ ಕೋಳಿ, ಹಾರಿ ಎತ್ತರಕ್ಕೆ ಹೋಗುವುದು ಕಷ್ಟ, ಹಾಗಾಗಿ ನೆಲದಲ್ಲೇ ಗೋಡೆಗೆ ಒರಗಿ ಮಲಗುತ್ತದೆ. ನಾಟಿ ಕೋಳಿ ಜಾಗ ಸಿಕ್ಕರೆ ಮೇಲೇರಿ ಕೂರುತ್ತದೆ.

ಕಾಲ್ಬೆರಳು ಕಡಿದದ್ದು ಕೆಳಗಿನಿಂದ. ದಬ್ಬೆಯ ಸಂದಿನಲ್ಲಿ ಬೆರಳು ಇಳಿಬಿಟ್ಟು ಮಲಗಿದ ಕೋಳಿ ಹೆಗ್ಗಣಕ್ಕೆ ಸುಲಭ. ಕಂಬದ ಬುಡದಲ್ಲಿ ಹೊಸ ಮಣ್ಣು ಗುಪ್ಪೆ, ಮುಷ್ಟಿ ಗಾತ್ರದ ಬಿಲ ಇದೆಯೇ ನೋಡಿ.

ಚಿಪ್ಪಿಲ್ಲದೆ ಮೊಟ್ಟೆ ಮಾಯವಾದರೆ ಹಾವಿನ ಮೇಲೆ ಅನುಮಾನ ಪಡಬೇಕು. ನಾಗರ ಹಾವು ಮತ್ತು ಕೇರೆ ಹಾವು ಎರಡೂ ಮೊಟ್ಟೆಯನ್ನು ಇಡಿಯಾಗಿ ನುಂಗುತ್ತವೆ. ಹಗಲು ಹೊತ್ತಾದರೆ ಉಡವೂ ಇರಬಹುದು. ಮುಂಗುಸಿ, ಅಂದರೆ ಕೀರ, ಮೊಟ್ಟೆಯನ್ನು ಹಿಂಗಾಲಿನ ಸಂದಿಯಿಂದ ಹಿಂದಕ್ಕೆ ಎಸೆದು ಕಲ್ಲಿಗೆ ಬಡಿದು ಒಡೆಯುವ ಪ್ರಾಣಿ, ಹತ್ತಿರದಲ್ಲೇ ಚಿಪ್ಪು ಸಿಗುತ್ತದೆ. ಕಾಗೆ ಕುಕ್ಕಿದರೆ ತೂತು ಬಿದ್ದ ಚಿಪ್ಪು ಉಳಿಯುತ್ತದೆ. ಒಡ್ಡಿಯಲ್ಲೇ ಹಳದಿ ಲೋಳೆ ಮೆತ್ತಿಕೊಂಡು ಚೂರು ಬಿದ್ದಿದ್ದರೆ ಕೋಳಿಯೇ ಮೊಟ್ಟೆ ತಿನ್ನುವ ಚಾಳಿ ಕಲಿತಿದೆ. ಮರಿ ಸತ್ತು ಬಿದ್ದಿದ್ದು ತಲೆ, ಕತ್ತಿನ ಪುಕ್ಕ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಆಗದೆ ಬಿಟ್ಟಿದೆ ಅಂತ ತಿಳಿಯಿರಿ.

ನಿಮ್ಮಲ್ಲಿ ಆಗಿಲ್ಲ, ಆದರೆ ಓದುವ ಬೇರೆಯವರಿಗೆ ಬೇಕಾಗಬಹುದು: ಒಂದೇ ಸಲಕ್ಕೆ ಏಳೆಂಟು ಕೋಳಿ ಸತ್ತು, ಒಂದೋ ಎರಡೋ ಮಾತ್ರ ತಿಂದಿದ್ದರೆ ಪ್ರಾಣಿ ಒಳಗೆ ಹೊಕ್ಕಿದೆ. ಮುಚ್ಚಿದ ಜಾಗದಲ್ಲಿ ಕೋಳಿ ರೆಕ್ಕೆ ಬಡಿಯುತ್ತಲೇ ಇದ್ದರೆ ಬೇಟೆಪ್ರಾಣಿಯ ಕೊಲ್ಲುವ ಚಟುವಟಿಕೆ ನಿಲ್ಲುವುದಿಲ್ಲ. ಕತ್ತಿನ ಹತ್ತಿರ ಸಣ್ಣ ಕಚ್ಚುಗಾಯ ಇದ್ದರೆ ಕೀರ ಅಥವಾ ಪುನುಗು ಬೆಕ್ಕು. ಬೆನ್ನು, ತೊಡೆ ಎಲ್ಲ ಜಗಿದ ಹಾಗಿದ್ದು ತಿನ್ನದೆ ಬಿಟ್ಟಿದ್ದರೆ ನಾಯಿ. ಕೋಳಿಯೇ ಇಲ್ಲ, 30–40 ಅಡಿ ಆಚೆ ಪುಕ್ಕದ ರಾಶಿ ಇದೆ ಅಂದರೆ ನರಿ ಅಥವಾ ಕಾಡುಬೆಕ್ಕು ಎತ್ತಿಕೊಂಡು ಹೋಗಿದೆ. ಹೊತ್ತೂ ಒಂದು ಗುರುತೇ. ಕೀರ ಹಗಲು ತಿರುಗುವ ಪ್ರಾಣಿ, ಪುನುಗು ಮತ್ತು ಕಬ್ಬೆಕ್ಕು ರಾತ್ರಿಯವು. ನಡುರಾತ್ರಿಯ ಸಾವಿಗೆ ಕೀರನನ್ನು ದೂರುವುದು ತಪ್ಪು.

ಅನುಮಾನ ಉಳಿದರೆ ಒಲೆಯ ಬೂದಿಯನ್ನು ಜರಡಿ ಹಿಡಿದು ಒಡ್ಡಿಯ ಸುತ್ತ 2 ಅಡಿ ಅಗಲಕ್ಕೆ ತೆಳ್ಳಗೆ ಉದುರಿಸಿ ಬೆಳಿಗ್ಗೆ ನೋಡಿ. ನಾಲ್ಕು ಬೆರಳು, ಉಗುರಿನ ಗುರುತಿಲ್ಲ ಅಂದರೆ ಬೆಕ್ಕಿನ ಜಾತಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿ ಅಥವಾ ನರಿ. ಐದು ಬೆರಳು ಮೂಡಿ ಹಿಂಗಾಲಿನ ಪಾದ ಉದ್ದವಾಗಿ ಒತ್ತಿದ್ದರೆ ಕಬ್ಬೆಕ್ಕು.

---

ಸುತ್ತಿಗೆ ಮೊಳೆ

ಪೂರ್ತಿ ಕೀಳುವುದು ಬೇಡ, ಆದರೆ ಜಾಲರಿ ಮತ್ತು ಚೌಕಟ್ಟು ಎರಡೂ ಹೋಗಬೇಕು. ಆರು ಮೂಲೆಯ ಜಾಲರಿ ಕೋಳಿ ಆಚೆ ಹೋಗದ ಹಾಗೆ ತಡೆಯಲು ಮಾಡಿದ್ದು, ಬೇಟೆಪ್ರಾಣಿ ಒಳಗೆ ಬರದ ಹಾಗೆ ತಡೆಯಲು ಅಲ್ಲ. ಸಾಮಾನ್ಯವಾಗಿ ಸಿಗುವುದು 22 ಗೇಜ್, ಅಂದರೆ ತಂತಿಯ ದಪ್ಪ ಸುಮಾರು 0.7 ಮಿಲಿಮೀಟರ್. ಕಣ್ಣುಗಳನ್ನು ಬರೀ ತಿರುಚಿ ಕೂಡಿಸಿರುತ್ತಾರೆ, ಬೆಸುಗೆ ಇಲ್ಲ. ತೆಳು ತಂತಿ ತುಕ್ಕು ಹಿಡಿದು ತುಂಡಾದರೆ ಅಲ್ಲಿ ಕಣ್ಣು ದೊಡ್ಡದಾಗುತ್ತದೆ. ನಾಯಿ ಹಲ್ಲಿನಿಂದ ಎಳೆದರೆ ಹರಿಯುತ್ತದೆ.

ನಿಮಗೆ ಬೇಕಾದದ್ದು ಅರ್ಧ ಅಂಗುಲ ಚೌಕ ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಜಾಲರಿ), 18 ಗೇಜ್. 16 ಸಿಕ್ಕರೆ ಇನ್ನೂ ಒಳ್ಳೆಯದು, ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. ಇದರಲ್ಲಿ ದೊಡ್ಡ ಇಲಿ, ಹೆಗ್ಗಣ ತೂರುವುದಿಲ್ಲ, ಪಂಜ ಒಳಗೆ ಬರುವುದಿಲ್ಲ, ದೊಡ್ಡ ಹಾವು ನುಗ್ಗುವುದಿಲ್ಲ. ಚಿಟ್ಟಿಲಿ ಮತ್ತು ಬೆರಳಿಗಿಂತ ಸಣ್ಣ ಹಾವಿನ ಮರಿ ತೂರಬಹುದು, ಅವುಗಳಿಂದ ಬೆಳೆದ ಕೋಳಿಗೆ ಅಪಾಯ ಕಡಿಮೆ.

ಅಂಗಡಿಯಲ್ಲಿ ಸುರುಳಿ ಬಿಚ್ಚಿಸಿ ತಂತಿ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಎರಡು ತಂತಿ ಒಂದರ ಮೇಲೊಂದು ಕೂತ ಕಡೆ ಸಣ್ಣ ಕಂದು ಚುಕ್ಕೆ, ಸುಟ್ಟ ಕಲೆ ಕಂಡರೆ ಸತು ಲೇಪನ ಆದ ಮೇಲೆ ವೆಲ್ಡ್ ಮಾಡಿದ್ದು. ವೆಲ್ಡಿನ ಬಿಸಿಗೆ ಅಲ್ಲಿನ ಸತು ಉರಿದು ಹೋಗಿರುತ್ತದೆ, ಮಲೆನಾಡಿನ ಮಳೆಗೂ ಹಿಕ್ಕೆಯ ಅಮೋನಿಯಕ್ಕೂ ತುಕ್ಕು ಅಲ್ಲಿಂದಲೇ ಶುರು. ಕೂಡುವ ಜಾಗ ಮೇಣ ಸುರಿದ ಹಾಗೆ ಗುಂಡಗೆ ತುಂಬಿಕೊಂಡಿದ್ದು ಬಣ್ಣ ಎಲ್ಲ ಕಡೆ ಒಂದೇ ಇದ್ದರೆ ವೆಲ್ಡ್ ಆದ ಮೇಲೆ ಸತುವಿನಲ್ಲಿ ಅದ್ದಿದ್ದು. ಬೆಲೆ ಹೆಚ್ಚು, ಆದರೂ ಅದನ್ನೇ ತನ್ನಿ.

ಲೆಕ್ಕ: ನಾಲ್ಕು ಗೋಡೆಗೆ ಸರಾಸರಿ ಮೂರೂವರೆ ಅಡಿ ಎತ್ತರ ಹಿಡಿದರೆ 70 ಚದರ ಅಡಿ. ಶೀಟಿನ ಕೆಳಗೆ ಒಂದು ಪದರ 28 ಚದರ ಅಡಿ. ನೆಲ 24. ಒಟ್ಟು 122. 4 ಅಡಿ ಅಗಲದ ಸುರುಳಿಯಲ್ಲಿ 31 ಅಡಿ, ಅಂಚು ಒಂದರ ಮೇಲೊಂದು ಕೂರಿಸಲು ಸೇರಿಸಿ 35 ಅಡಿ ತನ್ನಿ. ನೆಲದ ವಿಷಯಕ್ಕೆ ಬೇರೆಯವರು ಬೇರೆ ಹೇಳಬಹುದು, ಅದನ್ನು ಆಮೇಲೆ ನೋಡೋಣ.

ಶೀಟಿನ ಕೆಳಗೆ ಯಾಕೆ ಅಂದರೆ, ಬಣ್ಣದ ಶೀಟಿನ ಏಣು ಒಂದು ಅಂಗುಲದಷ್ಟು ಎದ್ದಿರುತ್ತದೆ. ಗೋಡೆಯ ಮೇಲಿನ ಪಟ್ಟಿಗೂ ಶೀಟಿಗೂ ನಡುವೆ ಪ್ರತಿ ಏಣಿನ ಕೆಳಗೂ ಒಂದೊಂದು ಸುರಂಗ ಉಳಿಯುತ್ತದೆ. ಕೆಳಗೆ ಎಷ್ಟೇ ಗಟ್ಟಿ ಜಾಲರಿ ಬಿಗಿದರೂ ಕೇರೆ ಹಾವಿಗೂ ಇಲಿಗೂ ಈ ಸುರಂಗವೇ ಬಾಗಿಲು. ಒಳಗಿನಿಂದ ಟಾರ್ಚ್ ಹಿಡಿದು ಮೇಲಂಚು ನೋಡಿ, ಹೊರಗಿನವರಿಗೆ ಬೆಳಕು ಸಾಲುಸಾಲಾಗಿ ಕಂಡರೆ ಅಷ್ಟೂ ತೆರೆದ ಬಾಗಿಲು. ಒಳಗೆ ಜಾಲರಿಯ ಮಾಳಿಗೆ ಬಿಗಿದರೆ ಗಾಳಿಯೂ ಆಡುತ್ತದೆ, ದಾರಿಯೂ ಮುಚ್ಚುತ್ತದೆ. ಸಿಮೆಂಟು ಮೆತ್ತಿ ಮುಚ್ಚಬೇಡಿ. ಮಳೆಗಾಲದಲ್ಲಿ ಮೇಲಿನ ಗಾಳಿ ನಿಂತರೆ ಅಮೋನಿಯ ಕಟ್ಟಿ ಕೋಳಿಗೆ ಉಸಿರಾಟದ ಕಾಯಿಲೆ ಬರುತ್ತದೆ.

ಇನ್ನು ಚೌಕಟ್ಟು. ಅಡಿಕೆ ದಬ್ಬೆ ಬೇಸಿಗೆಯಲ್ಲಿ ಒಣಗಿ ಸೊರಗುತ್ತದೆ, ಮಳೆಯಲ್ಲಿ ಮೆತ್ತಗಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಅದಕ್ಕೆ ಹೊಡೆದ ಸ್ಟೇಪ್ಲರ್ ಪಿನ್ನು ಬೆರಳಲ್ಲಿ ಎಳೆದರೂ ಬರುತ್ತದೆ. ಒಂದೂವರೆ ಅಂಗುಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪು ಅಥವಾ 2×1.5 ಅಂಗುಲದ ಒಣ ಅಕೇಶಿಯಾ ರೀಪು ಹಾಕಿ. ಜಾಲರಿಯ ಅಂಚನ್ನು ಚೌಕಟ್ಟಿನ ಮೇಲೆ ಕೂರಿಸಿ, ಅದರ ಮೇಲೆ 1 ಅಂಗುಲ ಅಗಲದ ಪಟ್ಟಿ ಇಟ್ಟು, ಪಟ್ಟಿಯ ಮೇಲಿನಿಂದ ಸ್ಕ್ರೂ ಬಿಗಿಯಿರಿ. ಪಟ್ಟಿ ಇಲ್ಲದಿದ್ದರೆ ಪ್ರತಿ ಸ್ಕ್ರೂಗೂ 1 ಅಂಗುಲದ ವಾಷರ್ ಬೇಕೇ ಬೇಕು. 6 ಅಂಗುಲಕ್ಕೊಂದು ಸ್ಕ್ರೂ, ನಿಮ್ಮ ಅಳತೆಗೆ ಸುಮಾರು 200. ಜಾಲರಿಯನ್ನು ಚೌಕಟ್ಟಿನ ಹೊರಮೈಗೆ ಹಾಕಿ, ಒಳಮೈಗಲ್ಲ. ಹೊರಗಿನಿಂದ ಪ್ರಾಣಿ ತಳ್ಳಿದಾಗ ಜಾಲರಿ ಮರಕ್ಕೆ ಒತ್ತಿಕೊಳ್ಳಬೇಕು. ಒಳಗೆ ಹಾಕಿದರೆ ತಳ್ಳಿದ ಭಾರವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ.

ಬಾಗಿಲು ಎಲ್ಲಕ್ಕಿಂತ ದುರ್ಬಲ ಜಾಗ. ಮೇಲೊಂದು ಕೆಳಗೊಂದು ಟವರ್ ಬೋಲ್ಟ್ ಹಾಕಿ, ನಡುವೆ ಒಂದೇ ಬೋಲ್ಟ್ ಇದ್ದರೆ ಕೆಳಮೂಲೆ ಬಗ್ಗುತ್ತದೆ. ಪರೀಕ್ಷೆ ಸುಲಭ: ಬೋಲ್ಟ್ ಹಾಕಿ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬಾಗಿಲು ಬಗ್ಗಿದ ಸಂದಿಗೆ ಎರಡು ಬೆರಳು ಜೋಡಿಸಿ ತೂರಿಸಲು ಬಂದರೆ ಅದನ್ನು ನಂಬಬೇಡಿ, ಮರಿಕೀರಕ್ಕೆ ಅಷ್ಟು ಸಾಕಾಗಬಹುದು. ಚೌಕಟ್ಟಿನ ಒಳಗೆ ಮೂರು ಕಡೆ 1 ಅಂಗುಲದ ತಡೆಪಟ್ಟಿ ಹೊಡೆದರೆ ಬಾಗಿಲು ಅದಕ್ಕೆ ಒತ್ತಿ ಕೂರುತ್ತದೆ. ತಂತಿ ಸುತ್ತಿ ಕಟ್ಟುವ ಅಭ್ಯಾಸ ಬಿಡಿ, ಅವಸರದಲ್ಲಿ ಒಂದು ದಿನ ಸಡಿಲ ಸುತ್ತಿದರೆ ಸಾಕು, ಅಂದೇ ನಷ್ಟ.

---

ಹಿತ್ತಲ ಬಾಗಿಲು

ಇಬ್ಬರಿಗೂ ಧನ್ಯವಾದ. ಕಂಬದ ಬುಡದಲ್ಲಿ ಬಿಲ ಇದೆ, ಎರಡು ಕಡೆ. ನೆಲಕ್ಕೆ ಅರ್ಧ ಅಂಗುಲದ ಜಾಲರಿ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆಯೇ? ಕಂಬಕ್ಕೆ ತಗಡು ಸುತ್ತಿದರೆ ಪ್ರಾಣಿ ಹತ್ತುವುದಿಲ್ಲ ಅಂತ ಕೇಳಿದ್ದು, ಅದರಿಂದ ಪ್ರಯೋಜನ ಇದೆಯೇ?

---

ಹಟ್ಟಿಗೊಬ್ಬರ

ನೆಲದ ವಿಷಯದಲ್ಲಿ ಸುತ್ತಿಗೆ ಮೊಳೆಯವರ ಲೆಕ್ಕ ಒಪ್ಪುವುದಿಲ್ಲ. ಬೆಳೆದ ಕೋಳಿಯ ಹಿಕ್ಕೆ ಅರ್ಧ ಅಂಗುಲದ ಕಣ್ಣಿನಲ್ಲಿ ಇಳಿಯುವುದಿಲ್ಲ, ಕಟ್ಟಿಕೊಂಡು ಹೆಪ್ಪಾಗುತ್ತದೆ. ಮಳೆಗಾಲದಲ್ಲಿ ವಾರದೊಳಗೆ ನೆಲವೆಲ್ಲ ಕೆಸರು, ಕಾಲಿಗೆ ಹುಣ್ಣು, ಜಾಲರಿಗೆ ತುಕ್ಕು. ತೆಳು ತಂತಿಯ ಮೇಲೆ ಗಿರಿರಾಜದಂಥ ತೂಕದ ಕೋಳಿ ನಿಂತರೆ ಪಾದವೂ ಒಡೆಯುತ್ತದೆ.

ಸರಿಯಾದ ದಾರಿ ಎರಡು. ಮೊದಲನೆಯದು: ನೆಲಕ್ಕೆ 1 ಅಂಗುಲ ಚೌಕದ 14 ಗೇಜಿನ ದಪ್ಪ ಮೆಶ್ ಹಾಕಿ, ನಡುವೆ ಒಂದೂವರೆ ಅಡಿಗೊಂದು ಅಡ್ಡಪಟ್ಟಿ ಕೊಡಿ. ಹಿಕ್ಕೆ ಇಳಿಯುತ್ತದೆ. ಒಡ್ಡಿಯ ಕೆಳಗಿನ 2 ಅಡಿ ಖಾಲಿ ಜಾಗವನ್ನು ಸುತ್ತಲೂ ಅರ್ಧ ಅಂಗುಲದ ಮೆಶ್‌ನಿಂದ ನೆಲದವರೆಗೆ ಮುಚ್ಚಿ, ಗೊಬ್ಬರ ತೆಗೆಯಲು ಒಂದು ಕಡೆ ಬೋಲ್ಟ್ ಇರುವ ಸಣ್ಣ ಬಾಗಿಲಿಡಿ. ಆಗ ಕೆಳಗಿನಿಂದ ಯಾವ ಪ್ರಾಣಿಯೂ ಕೋಳಿಯ ಕಾಲ ಹತ್ತಿರ ಬರುವುದಿಲ್ಲ. ಸುತ್ತಳತೆ 20 ಅಡಿ, ಎತ್ತರ 2 ಅಡಿ, ಹೊರಕ್ಕೆ ಮಡಚಲು ಇನ್ನೂ 2 ಅಡಿ: 4 ಅಡಿ ಅಗಲದ ಸುರುಳಿಯಲ್ಲಿ 20 ಅಡಿ ನೇರವಾಗಿ ಕೂರುತ್ತದೆ. ಮೂಲೆಗಳಲ್ಲಿ ಹೊರಮಡಿಕೆ ಬಿಟ್ಟುಹೋಗುತ್ತದೆ, ಅದಕ್ಕೆ 2 ಅಡಿ ಚೌಕದ ನಾಲ್ಕು ತುಂಡು ಬೇರೆ ಕತ್ತರಿಸಿ ತಂತಿಯಿಂದ ಹೊಲಿಯಿರಿ, ಇದಕ್ಕೆ 4 ಅಡಿ ಹೆಚ್ಚು. ಅಲ್ಲಿಗೆ 24 ಅಡಿ.

ಎರಡನೆಯದು: ಹಲಗೆ ನೆಲ ಮಾಡಿ ಮೇಲೆ 2–3 ಅಂಗುಲ ಭತ್ತದ ಹೊಟ್ಟು ಹಾಸುವುದು. ಸಂದೇ ಇಲ್ಲ. ಆದರೆ ಆಗುಂಬೆ, ಹೊಸನಗರದ ಕಡೆಯ ಮಳೆಯಲ್ಲಿ ಹೊಟ್ಟು ಒಣಗಿಸಿಡುವುದೇ ದೊಡ್ಡ ಕೆಲಸ. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ರೋಗ ಹಬ್ಬುತ್ತದೆ. ಮಲೆನಾಡಿಗೆ ಮೊದಲನೆಯದೇ ಸರಿ.

ಹೊರಮಡಿಕೆ ಅಂದದ್ದು ಇದಕ್ಕೆ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಅಲ್ಲೇ ಕೆರೆಯುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಯೋಚನೆ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಮೆಶ್ಶನ್ನು ಆಳಕ್ಕೆ ಹೂಳುವ ಬದಲು ಬುಡದಿಂದ ಹೊರಕ್ಕೆ ನೆಲದ ಮೇಲೇ ಹಾಸಿ, ಅಂಚಿಗೆ ಕಲ್ಲು ಹೇರಿ, ಮೇಲೆ ಎರಡು ಅಂಗುಲ ಮಣ್ಣು ಎಳೆದರೆ ಸಾಕು. ಹುಲ್ಲು ಬೆಳೆದು ಹಿಡಿದುಕೊಳ್ಳುತ್ತದೆ. ಅಡಿಕೆ ಬೇರು ಕಡಿಯುವ ಕೆಲಸವೂ ಉಳಿಯಿತು. ಒಂದು ಎಚ್ಚರಿಕೆ: ಕಳೆ ಕತ್ತರಿಸುವ ಯಂತ್ರ ಹೊಡೆಯುವವರಿಗೆ ಮೆಶ್ ಎಲ್ಲಿದೆ ಅಂತ ತೋರಿಸಿ. ಬ್ಲೇಡಿಗೆ ಸಿಕ್ಕರೆ ಮೆಶ್ಶೂ ಹಾಳು, ತಂತಿ ಹಾರಿ ಕಣ್ಣಿಗೆ ಬಡಿಯುವ ಅಪಾಯವೂ ಇದೆ.

ಹಾಸುವ ಮೊದಲು ಇರುವ ಬಿಲಗಳನ್ನು ಕಲ್ಲು, ಗಾರೆ ತುಂಬಿ ಮುಚ್ಚಿ. ಇಲ್ಲದಿದ್ದರೆ ಹೆಗ್ಗಣವನ್ನು ಒಳಗೇ ಕೂಡಿಹಾಕಿದ ಹಾಗೆ.

ಕಂಬಕ್ಕೆ ತಗಡು ಸುತ್ತುವುದು ಇಲಿಗೆ, ಹೆಗ್ಗಣಕ್ಕೆ ಸರಿ. 2 ಅಡಿ ಎತ್ತರವನ್ನು ಬೆಕ್ಕು, ಕಬ್ಬೆಕ್ಕು ನೆಗೆದೇ ಹತ್ತುತ್ತವೆ. ಮರದ ಕೊಂಬೆ ಮಾಡಿನ ಮೇಲೆ ಬಾಗಿದ್ದರೆ ಕಬ್ಬೆಕ್ಕು ನೆಲಕ್ಕೂ ಇಳಿಯುವುದಿಲ್ಲ. ಸುತ್ತ 6 ಅಡಿಯೊಳಗಿನ ಕೊಂಬೆ ಕಡಿಯಿರಿ, ಕಾಳುಮೆಣಸಿನ ಬಳ್ಳಿ ಒಡ್ಡಿಗೆ ತಾಗದ ಹಾಗೆ ನೋಡಿ. ಕೆಳಗಿನ ಜಾಗವನ್ನು ಮೆಶ್‌ನಿಂದ ಮುಚ್ಚಿದ ಮೇಲೆ ತಗಡಿನ ಖರ್ಚು ಬೇಕಿಲ್ಲ.

---

ಸುತ್ತಿಗೆ ಮೊಳೆ

ನೆಲದ ಮಾತು ಒಪ್ಪಿದೆ, ಹಟ್ಟಿಗೊಬ್ಬರ ಹೇಳಿದ್ದೇ ಸರಿ. ಹಾಗಾದರೆ ಅರ್ಧ ಅಂಗುಲದ್ದು ಮೇಲ್ಭಾಗಕ್ಕೆ 28 ಅಡಿ, ಕೆಳಗಿನ ಸುತ್ತಿಗೆ 24 ಅಡಿ, ಒಟ್ಟು 52 ಅಡಿ. 1 ಅಂಗುಲದ ದಪ್ಪ ಮೆಶ್ 4 ಅಡಿ ಅಗಲದ್ದು 6 ಅಡಿ.

ಕೂರುವ ಕೋಲಿನ ವಿಷಯ ಬಿಟ್ಟುಹೋಗಿತ್ತು. ತಲೆ ಹೋಗುವುದನ್ನು ತಡೆಯಲು ಜಾಲರಿಯಷ್ಟೇ ಇದೂ ಮುಖ್ಯ. ಒಂದು ಕೋಳಿಗೆ 9 ಅಂಗುಲ ಹಿಡಿದರೆ 14ಕ್ಕೆ ಹತ್ತೂವರೆ ಅಡಿ, ಅಂದರೆ ಉದ್ದಕ್ಕೆ ಎರಡು ಕೋಲು. ಹಿಂದಿನ ಗೋಡೆಯಿಂದ 14 ಅಂಗುಲಕ್ಕೆ ಒಂದು, ಅದರಿಂದ 16 ಅಂಗುಲಕ್ಕೆ ಇನ್ನೊಂದು. ಮುಂದಿನ ಗೋಡೆಗೆ 18 ಅಂಗುಲ ಉಳಿಯುತ್ತದೆ. ಎರಡೂ ಒಂದೇ ಎತ್ತರದಲ್ಲಿರಲಿ, ಹೆಚ್ಚುಕಡಿಮೆ ಮಾಡಿದರೆ ಎಲ್ಲವೂ ಮೇಲಿನದಕ್ಕೇ ಜಗಳ ಆಡುತ್ತವೆ. ನೆಲದಿಂದ ಒಂದೂವರೆ ಅಡಿಗಿಂತ ಎತ್ತರ ಬೇಡ, ಗಿರಿರಾಜಕ್ಕೆ ಹತ್ತಲು ಆಗುವುದಿಲ್ಲ. ಕೋಲು 2 ಅಂಗುಲ ಅಗಲ, ಮೇಲಂಚು ಕೀಸಿ ಗುಂಡಗೆ ಮಾಡಿದ್ದು. ತೂಕದ ಕೋಳಿ ಮೊದಲ ನಾಲ್ಕೈದು ದಿನ ತಾನಾಗಿ ಹತ್ತದಿದ್ದರೆ ಕತ್ತಲಾದ ಮೇಲೆ ಎತ್ತಿ ಕೂರಿಸಿ, ರೂಢಿಯಾಗುತ್ತದೆ.

ಗೋಡೆಯ ಕೆಳಗಿನ ಒಂದು ಅಡಿಗೆ ಹೊರಗಿನಿಂದ ಹಲಗೆಯನ್ನೋ ತಗಡನ್ನೋ ಹೊಡೆದರೆ ನೆಲದಲ್ಲಿ ಮಲಗಿದ ಕೋಳಿ ಹೊರಗಿನವಕ್ಕೆ ಕಾಣುವುದೇ ಇಲ್ಲ.

---

ಕೇರೆ ಹಾವು ಬಿಡಿ

ಹಾವಿನ ವಿಷಯಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು, ತಪ್ಪು ಉಪಾಯಗಳೇ ಹೆಚ್ಚು ಓಡಾಡುತ್ತವೆ.

ಹಾವು ಬರುವುದು ಹೆಚ್ಚಾಗಿ ಇಲಿಯ ಹಿಂದೆ, ಇಲಿ ಬರುವುದು ಚೆಲ್ಲಿದ ಕಾಳಿನ ಹಿಂದೆ. 14 ಬೆಳೆದ ಕೋಳಿಗೆ ದಿನಕ್ಕೆ ಒಂದೂವರೆ ಕೆಜಿ ಆಹಾರ ಸಾಕು, ತೋಟದಲ್ಲಿ ಮೇಯುವುದಾದರೆ ಅದರ ಅರ್ಧ. ಸಂಜೆ ಒಡ್ಡಿಯೊಳಗೆ ಕಾಳು ಉಳಿಯಬಾರದು. ಮೂಟೆಯನ್ನು ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮಿನಲ್ಲಿಡಿ, ಪ್ಲಾಸ್ಟಿಕ್ ಡ್ರಮ್ಮನ್ನು ಇಲಿ ಕೊರೆಯುತ್ತದೆ. ಒಡ್ಡಿಯ ಸುತ್ತ 10 ಅಡಿ ಕಟ್ಟಿಗೆ ರಾಶಿ, ಹಳೆ ಹೆಂಚು, ಸೋಗೆ, ಹಾಳೆ ಯಾವುದೂ ಬೇಡ.

ಮೊಟ್ಟೆಯನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ 11ಕ್ಕೆ ಮತ್ತು ಸಂಜೆ, ತೆಗೆಯಿರಿ. ಕಾವಿಗೆ ಕೂತದ್ದನ್ನು ಬೇರೆ ಮಾಡಿ, ನಾಲ್ಕೂ ಕಡೆ, ಮೇಲೆ, ಕೆಳಗೆ ಅರ್ಧ ಅಂಗುಲದ ಮೆಶ್ ಇರುವ 2 ಅಡಿ ಚೌಕದ ಪೆಟ್ಟಿಗೆಯಲ್ಲಿಡಿ. ತಳಕ್ಕೆ ಒಣಹುಲ್ಲು ಹಾಸಿ. ಪೆಟ್ಟಿಗೆಯ ಕಾಲನ್ನು ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿದರೆ ಇರುವೆಯೂ ಬರುವುದಿಲ್ಲ. ಒಡೆಯುತ್ತಿರುವ ಮೊಟ್ಟೆಗೆ ಇರುವೆ ಮುತ್ತಿದರೆ ಮರಿ ಉಳಿಯುವುದಿಲ್ಲ.

ಫಿನಾಯಿಲ್, ಬೆಳ್ಳುಳ್ಳಿ ನೀರು, ನುಸಿಗುಳಿಗೆ ಯಾವುದೂ ಹಾವನ್ನು ತಡೆಯುವುದಿಲ್ಲ. ನುಸಿಗುಳಿಗೆಯನ್ನು ಕೋಳಿ ಕುಕ್ಕಿ ನುಂಗಿದರೆ ವಿಷ. ಮೀನಿನ ಬಲೆ ಸುತ್ತುವುದನ್ನಂತೂ ದಯವಿಟ್ಟು ಮಾಡಬೇಡಿ. ಹಾವು ಅರ್ಧ ತೂರಿ ಸಿಕ್ಕಿಕೊಂಡು, ಹುರುಪೆಗೆ ನೈಲಾನ್ ಕಚ್ಚಿ, ಎರಡು ದಿನ ಒದ್ದಾಡಿ ಸಾಯುತ್ತದೆ. ಬಿಡಿಸಲು ಹೋದವರಿಗೆ ಕಚ್ಚುವ ಅಪಾಯ ಬೇರೆ. ಮರದ ಮೊಟ್ಟೆ, ಪ್ಲಾಸ್ಟಿಕ್ ಮೊಟ್ಟೆ ಇಟ್ಟು ನುಂಗಿಸುವುದೂ ಅಷ್ಟೇ ಕ್ರೂರ.

ರಾತ್ರಿಯಿಡೀ ಒಡ್ಡಿಗೆ ಬಲ್ಬು ಉರಿಸುವುದೂ ಬೇಡ. ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು.

ಮಬ್ಬುಗತ್ತಲಲ್ಲಿ ಗೂಡಿನೊಳಗೆ ಬರಿಗೈ ಹಾಕಬೇಡಿ, ಮೊದಲು ಟಾರ್ಚ್. ಮೊಟ್ಟೆ ನುಂಗಿದ ಹಾವು ಹೊಟ್ಟೆ ಉಬ್ಬಿ, ಬಂದ ಸಂದಿನಲ್ಲಿ ವಾಪಸ್ ಹೋಗಲಾಗದೆ ಒಳಗೇ ಸುರುಳಿ ಸುತ್ತಿರುವುದು ಉಂಟು. ಕಂಡರೆ ಕೋಳಿಗಳನ್ನು ಹೊರಗೆ ಬಿಟ್ಟು, ದೂರ ನಿಂತು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ, ಕಚ್ಚಿದ ಭಾಗ ಅಲುಗಿಸದೆ ವಿಷಪ್ರತಿರೋಧಕ ಔಷಧಿ ಇರುವ ಆಸ್ಪತ್ರೆಗೆ ನೇರ ಹೋಗಿ.

---

ಮಂಕರಿ

ಮಧ್ಯಾಹ್ನ ಒಂದೊಂದೇ ಕಡಿಮೆಯಾಗುವ ಮರಿಗಳ ಮಾತು ಯಾರೂ ಎತ್ತಿಲ್ಲ. ಮೂರು ವಾರದ ಮರಿಗೆ ಕಾಗೆ, ಕೆಂಬೂತ, ಗಿಡುಗ, ಕೀರ ಎಲ್ಲವೂ ಶತ್ರುಗಳೇ. ಪುಕ್ಕ ಕಿತ್ತು ಒಂದೇ ಕಡೆ ರಾಶಿ ಹಾಕಿದ್ದರೆ ಗಿಡುಗ. ಗುರುತೇ ಇಲ್ಲದಿದ್ದರೆ ಕೀರ ಪೊದೆಗೆ ಎಳೆದಿರಬಹುದು, ಹದ್ದು ಎತ್ತಿರಬಹುದು. ಕಾಗೆಗಳು ಜೋಡಿಯಾಗಿ ಬರುತ್ತವೆ. ಒಂದು ತಾಯಿಯನ್ನು ಕೆಣಕಿ ಅತ್ತ ಓಡಿಸುವಾಗ ಇನ್ನೊಂದು ಮರಿ ಎತ್ತುತ್ತದೆ.

ಮರಿಗೆ 8 ವಾರ ತುಂಬುವವರೆಗೆ ತಾಯಿ ಸಮೇತ ಎತ್ತಿ ಸರಿಸುವಂಥ ಪಂಜರದಲ್ಲಿ ಮೇಯಿಸಿ. 6 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬದಿಗೂ ಮೇಲಕ್ಕೂ ಅರ್ಧ ಅಂಗುಲದ ಮೆಶ್, ತಳ ಖಾಲಿ. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಮಾಡಿದರೆ ಹಗುರ, ಆದರೆ ನಾಯಿ ಮಗುಚುತ್ತದೆ, ನಾಲ್ಕು ಮೂಲೆಗೂ ಗೂಟ ಹೊಡೆಯಿರಿ. ದಿನಕ್ಕೊಂದು ಸಲ ಜಾಗ ಬದಲಿಸಿ, ಮೂರನೇ ಒಂದು ಭಾಗಕ್ಕೆ ನೆರಳು ಹೊದಿಸಿ. ಮಂಕರಿ ಕವುಚುವುದು ಒಂದೆರಡು ಗಂಟೆಗೆ ಸರಿ, ಅದರ ಹೆಣಿಗೆಯ ಕಣ್ಣು ಎಷ್ಟು ದೊಡ್ಡದು ನೋಡಿಕೊಳ್ಳಿ.

ದೊಡ್ಡವಕ್ಕೆ ತೋಟದ ಬಯಲಿನಲ್ಲಿ 15–20 ಅಡಿಗೊಂದು ಅಡಗುವ ಜಾಗ ಬೇಕು. ಎರಡು ಕವೆಕೋಲು ನೆಟ್ಟು ನಾಲ್ಕು ಸೋಗೆ ಇಳಿಜಾರಾಗಿ ಒರಗಿಸಿದರೂ ಸಾಕು. ಹದ್ದಿನ ನೆರಳು ಬಿದ್ದ ಕೂಡಲೇ ಹುಂಜ ಎಚ್ಚರಿಕೆ ಕೂಗುತ್ತದೆ, ಓಡಿ ನುಗ್ಗಲು ಹತ್ತಿರದಲ್ಲಿ ಜಾಗ ಇದ್ದರೆ ಬದುಕುತ್ತವೆ. ಈ ಸೋಗೆ ಗೂಡುಗಳನ್ನು ಒಡ್ಡಿಯಿಂದ ದೂರ ಇಡಿ, ಹಾವಿನ ವಿಷಯದಲ್ಲಿ ಮೇಲೆ ಹೇಳಿದ ಕಾರಣಕ್ಕೆ. ಗಿರಿರಾಜ ಕಾವಿಗೆ ಕೂರುವ ತಳಿಯಲ್ಲ, ಅದರ ಮರಿಗೆ ಕಾಯುವ ತಾಯಿ ಇರುವುದಿಲ್ಲ. ಅಂಥವನ್ನು ನಾಟಿ ತಾಯಿಯ ಕೆಳಗೆ ಮರಿ ಮಾಡಿಸಿದರೆ ಅರ್ಧ ಕಾವಲು ಅವಳದೇ.

---

ಮುರಕಲ್ಲು

ನಾಯಿಯ ಪ್ರಶ್ನೆಗೆ: ಕಟ್ಟಿದ ನಾಯಿ ಬೊಗಳುತ್ತದೆ, ಅಷ್ಟೇ. ಸರಪಳಿ ಎಲ್ಲಿಯವರೆಗೆ ಎಟಕುತ್ತದೆ ಅಂತ ಕಾಡುಬೆಕ್ಕು ಎರಡು ರಾತ್ರಿಯಲ್ಲಿ ತಿಳಿದುಕೊಳ್ಳುತ್ತದೆ. ಚಿರತೆ ಓಡಾಡುವ ಊರಾದರೆ ಹೊರಗೆ ಕಟ್ಟಿದ ನಾಯಿಯೇ ಅದಕ್ಕೆ ಆಹಾರ. ಮರಿಯಿಂದಲೇ ಕೋಳಿಯ ಜೊತೆ ಬೆಳೆದು ಬಿಟ್ಟಿರುವ ನಾಯಿಯಿಂದ ಹಗಲು ಕೀರ, ನರಿ ಹತ್ತಿರ ಬರುವುದು ಕಡಿಮೆಯಾಗುತ್ತದೆ, ನಿಜ. ಅದು ಜಾಲರಿಯ ಜೊತೆಗೆ ಬೇಕಾದದ್ದು, ಜಾಲರಿಯ ಬದಲಿಗೆ ಅಲ್ಲ. ಗಿನಿ ಕೋಳಿಯೂ ಹಾಗೆಯೇ, ಗದ್ದಲ ಮಾಡಿ ಎಚ್ಚರಿಸುತ್ತದೆ, ತಡೆಯುವುದಿಲ್ಲ.

ಮನೆಯ 230 ವೋಲ್ಟ್ ಕರೆಂಟನ್ನು ತಂತಿಗೆ ಬಿಡುವ ಯೋಚನೆ ಯಾರಿಗೂ ಬರಬಾರದು. ಒದ್ದೆ ನೆಲದಲ್ಲಿ ಮೊದಲು ಸಾಯುವುದು ಮನೆಯ ಮಗುವೋ, ದನವೋ, ಹುಲ್ಲು ಕೊಯ್ಯಲು ಬಂದವರೋ. ಸೌರ ಬೇಲಿಯ ಯಂತ್ರ ಬೇರೆ, ಅದು ಸೆಕೆಂಡಿಗೆ ಒಂದರಂತೆ ಕ್ಷಣಮಾತ್ರದ ಮಿಡಿತ ಕೊಡುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿ ಶಕ್ತಿಯೆಲ್ಲ ನೆಲಕ್ಕಿಳಿಯುತ್ತದೆ, ವಾರಕ್ಕೊಮ್ಮೆ ಬುಡ ಸವರಬೇಕು. 14 ಕೋಳಿಗೆ ಅದರ ಅಗತ್ಯ ಕಾಣುವುದಿಲ್ಲ.

ಉರುಳು, ಕತ್ತರಿ ಬೋನು, ವಿಷ ಹಾಕಿದ ಕೋಳಿ, ಮೂರೂ ಬೇಡ. ಕೀರ, ಪುನುಗು, ಕಬ್ಬೆಕ್ಕು, ಕಾಡುಬೆಕ್ಕು, ಉಡ, ಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿಯುವುದೂ ಕೊಲ್ಲುವುದೂ ಅಪರಾಧ. ತೋಟದ ಇಲಿ, ಹೆಗ್ಗಣ ತಿನ್ನುವವೂ ಇವೇ. ಕೇರೆ ಇಲ್ಲದ ತೋಟದಲ್ಲಿ ಇಲಿಕಾಟ ಏರುತ್ತದೆ, ಆಮೇಲೆ ನಿಮ್ಮ ಕೋಳಿಯ ಕಾಲ್ಬೆರಳು ಇನ್ನಷ್ಟು ಹೋಗುತ್ತವೆ.

---

ಹಿತ್ತಲ ಬಾಗಿಲು

ನಿನ್ನೆ ರಾತ್ರಿ ಬೂದಿ ಉದುರಿಸಿದ್ದು ಫಲ ಕೊಟ್ಟಿತು. ಐದು ಬೆರಳಿನ ಹೆಜ್ಜೆ, ಹಿಂದಿನ ಪಾದ ಉದ್ದ. ಹೆಜ್ಜೆ ಶುರುವಾಗಿರುವುದು ಒಡ್ಡಿಯ ಹಿಂದಿನ ಹಲಸಿನ ಮರದ ಬುಡದಿಂದ. ಮೆಶ್ ಬರಲು ನಾಲ್ಕು ದಿನ ಬೇಕಂತೆ. ಅಲ್ಲಿಯವರೆಗೆ ಏನು ಮಾಡಬಹುದು?

---

ಹಟ್ಟಿಗೊಬ್ಬರ

ಹಾಗಾದರೆ ಕಬ್ಬೆಕ್ಕೇ. ನಾಲ್ಕು ದಿನ ಕೋಳಿಗಳನ್ನು ಆ ಒಡ್ಡಿಯಲ್ಲಿ ಬಿಡಲೇಬೇಡಿ, ಒಮ್ಮೆ ಸಿಕ್ಕಿದ ಜಾಗಕ್ಕೆ ಅದು ಮತ್ತೆ ಬರುತ್ತದೆ. ಬಾಗಿಲು ಮುಚ್ಚುವ ಕೊಟ್ಟಿಗೆಯ ಮೂಲೆಯನ್ನೋ ಸೌದೆ ಕೋಣೆಯನ್ನೋ ಖಾಲಿ ಮಾಡಿ, ನೆಲಕ್ಕೆ ಹೊಟ್ಟು ಹಾಕಿ ಅಲ್ಲಿ ಮಲಗಿಸಿ. ಹೆಂಚಿನ ಮಾಡಾದರೆ ಸರಿದ ಹೆಂಚನ್ನು ಮೊದಲು ಕೂರಿಸಿ, ಕಬ್ಬೆಕ್ಕು ಹೆಂಚು ಸರಿಸಿ ಇಳಿಯುವುದರಲ್ಲಿ ನಿಪುಣ. ಆಗದಿದ್ದರೆ ಒಡ್ಡಿಯ ಒಳಗೇ ನಾಲ್ಕು ಕಡೆಯೂ ಗೋಣಿಚೀಲ ಎರಡು ಪದರ ಹೊಡೆದು, ಕೋಳಿಗಳನ್ನು ನಡುವೆ ಕೋಲಿನ ಮೇಲೆ ಕೂರಿಸಿ, ಕೆಳಗಿನ ದಬ್ಬೆಯ ಮೇಲೆ ಹಳೆಯ ತಗಡು ಹಾಸಿ.

ಸಂಜೆ ಮುಚ್ಚುವ ಹೊತ್ತನ್ನೂ ಬದಲಿಸಿ. ಕತ್ತಲಾದ ಮೇಲೆ ಅಂತ ಬರೆದಿದ್ದೀರಿ, ಅದು ತಡವಾಯಿತು. ಕೋಳಿಗಳು ತಾವಾಗಿ ಒಳಗೆ ಸೇರಿದ ಕೂಡಲೇ, ಬೆಳಕಿರುವಾಗಲೇ, 12 ಇದೆಯಾ ಅಂತ ಎಣಿಸಿ ಬೋಲ್ಟ್ ಹಾಕಿ. ಒಂದು ಕಡಿಮೆಯಿದ್ದರೆ ಹುಡುಕಲು ಇನ್ನೂ ಬೆಳಕು ಉಳಿದಿರುತ್ತದೆ. ಕಾಲಿಗೆ ಗಾಯವಾದದ್ದನ್ನು ಬೇರೆ ಬುಟ್ಟಿಯಲ್ಲಿಡಿ, ರಕ್ತ ಕಂಡರೆ ಉಳಿದವು ಕುಕ್ಕುತ್ತವೆ. ಅರಿಶಿನ ಮಾತ್ರ ನಂಬದೆ ಪೊವಿಡೋನ್ ಅಯೋಡಿನ್ ಹಚ್ಚಿ, ಊದಿಕೊಂಡರೆ ಪಶುವೈದ್ಯರಿಗೆ ತೋರಿಸಿ. ಹಲಸಿನ ಮರದ ಯಾವ ಕೊಂಬೆ ಮಾಡಿನ ಮೇಲಿದೆಯೋ ಅದನ್ನು ಮೆಶ್ ಬರುವ ಮೊದಲೇ ತೆಗೆಸಿಬಿಡಿ.